ಬ್ರಹ್ಮಕಮಲ: ಜೋತುಬೀಳುವ ಕಳ್ಳಿಯ ಆರೈಕೆ

ಕಾಸರಗೋಡಿನ ಕನ್ನಡಿಗರು ಬ್ರಹ್ಮಕಮಲ ಎಂದೂ ಮಲಯಾಳಿಗಳು ನಿಶಾಗಂಧಿ ಎಂದೂ ಕರೆಯುವ ಗಿಡ ಕಳ್ಳಿಯ ಕುಟುಂಬಕ್ಕೆ ಸೇರಿದ್ದು ಎಂದರೆ ಹಲವರು ನಂಬುವುದಿಲ್ಲ. ನಾವು ಎಲೆ ಎನ್ನುವ ಚಪ್ಪಟೆ ಭಾಗವೇ ಇದರ ಕಾಂಡ. ಮೊಗ್ಗು ಮೂಡುವುದೂ ಅದರ ಅಂಚಿನ ಕಚ್ಚುಗಳಲ್ಲಿ. ಸಸ್ಯಶಾಸ್ತ್ರೀಯ ಹೆಸರು ಎಪಿಫೈಲ್ಲಮ್ ಆಕ್ಸಿಪೆಟಾಲಮ್, ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ ಬೇರೆಯೇ ಗಿಡ. ಅದು ನಮ್ಮ ಸೆಕೆಗೆ ಬದುಕುವಂಥದ್ದಲ್ಲ.

ಕಳ್ಳಿಯಾದರೂ ಇದು ಮರುಭೂಮಿಯದ್ದಲ್ಲ. ಕಾಡಿನ ಮರಗಳ ಕವಲುಗಳಲ್ಲಿ, ತರಗೆಲೆಗಳ ನಡುವೆ ಬೇರೂರಿ ಕೆಳಗೆ ಜೋಲುವ ಗಿಡ. ಆರೈಕೆಯ ಗುಟ್ಟೆಲ್ಲ ಇಲ್ಲೇ ಇದೆ. ಕಳ್ಳಿಯಲ್ಲವೇ ಎಂದು ತಾರಸಿಯ ಸುಡುಬಿಸಿಲಿಗಿಟ್ಟರೆ ಕಾಂಡ ಹಳದಿಯಾಗಿ ಸುಟ್ಟುಹೋಗುತ್ತದೆ. ಬೆಳಗಿನ ಎಳೆಬಿಸಿಲು ತಾಗುವ ಜಗಲಿಯ ಮೂಲೆ ಅಥವಾ ಮಾವಿನ ಮರದ ನೆರಳು ಸಾಕು. ತೂಗುಕುಂಡವಾದರೆ ಇನ್ನೂ ಒಳ್ಳೆಯದು. ನೆಲದ ಕುಂಡಕ್ಕೆ ಕೋಲಿನ ಆಸರೆ ಬೇಕು.

ನಮ್ಮಲ್ಲಿ ಈ ಗಿಡ ಹೆಚ್ಚಾಗಿ ಸಾಯುವುದು ಮಳೆಗಾಲದಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬರೀ ಕೆಂಪುಮಣ್ಣು ತುಂಬಿದರೆ ಕುಂಡದೊಳಗೆ ಕೆಸರಾಗಿ ಬೇರು ಕೊಳೆಯುತ್ತದೆ. ಒಂದು ಪಾಲು ಮಣ್ಣಿಗೆ ಒಂದು ಪಾಲು ತರಗೆಲೆ ಗೊಬ್ಬರ, ಮತ್ತೊಂದು ಪಾಲು ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ದಪ್ಪ ಮರಳು ಸೇರಿಸಬೇಕು. ಜೂನ್ ಬಂದೊಡನೆ ಕುಂಡವನ್ನು ಮಾಡಿನ ಕೆಳಗೆ ಸರಿಸಿ, ಅಡಿಯ ತಟ್ಟೆ ತೆಗೆದುಬಿಡಿ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ನೀರು ಹಾಕಿದರಾಯಿತು. ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಮೇಲಿನ ಗಟ್ಟಿ ತುಂಡುಗಳನ್ನು ಕತ್ತರಿಸಿ ಹೊಸದಾಗಿ ನೆಡಿ.

ನೆಡುವುದೇನೂ ಕಷ್ಟವಲ್ಲ. ಗೇಣುದ್ದದ ತುಂಡನ್ನು ಮೂರ್ನಾಲ್ಕು ದಿನ ನೆರಳಲ್ಲಿಟ್ಟು, ಗಾಯ ಒಣಗಿದ ಮೇಲೆ ಎರಡು ಬೆರಳಿನಷ್ಟು ಆಳಕ್ಕೆ ಊರಿ. ತುದಿ ಯಾವುದು, ಬುಡ ಯಾವುದು ಎಂದು ಗುರುತಿಟ್ಟುಕೊಳ್ಳಿ. ಹೂವಿಗೆ ಮಾತ್ರ ಎರಡು-ಮೂರು ವರ್ಷ ಕಾಯಬೇಕಾದೀತು.

"ಗಿಡ ಸೊಂಪಾಗಿದೆ, ಹೂವಿಲ್ಲ" ಎಂಬುದು ಸಾಮಾನ್ಯ ದೂರು. ಸೆಗಣಿ, ಯೂರಿಯಾ ಅತಿಯಾದರೆ ಹೀಗಾಗುತ್ತದೆ. ಅದರ ಬದಲು ಎಲುಬಿನ ಪುಡಿ, ಸ್ವಲ್ಪ ಸುಡುಮಣ್ಣು ಕೊಟ್ಟು ನೋಡಿ. ತೀರಾ ಕತ್ತಲ ಮೂಲೆಯೂ ಕಾರಣವಿರಬಹುದು. ಕುಂಡ ಸಣ್ಣದಿದ್ದು ಬೇರು ತುಂಬಿಕೊಂಡಿದ್ದರೆ ಹೂ ಹೆಚ್ಚು, ಆದ್ದರಿಂದ ವರ್ಷವರ್ಷ ಕುಂಡ ಬದಲಿಸುವ ಉತ್ಸಾಹ ಬೇಡ. ಕೋಲಿನಂತೆ ಉದ್ದಕ್ಕೆ ಹೋಗುವ ಚಿಗುರನ್ನು ಅಂದಗೆಟ್ಟಿತೆಂದು ಕಡಿಯಲೂಬೇಡಿ. ಅಗಲವಾದ ಕಾಂಡಗಳು ಕವಲೊಡೆಯುವುದು ಅದರಿಂದಲೇ.

ಹಿಟ್ಟುತಿಗಣೆ ಕಂಡರೆ ಬಟ್ಟೆಯಿಂದ ಒರೆಸಿ ಬೇವಿನೆಣ್ಣೆ ಸಿಂಪಡಿಸಿ. ಮಳೆಗಾಲದ ರಾತ್ರಿ ಎಳೆ ಮೊಗ್ಗು ತಿನ್ನುವ ಬಸವನಹುಳುಗಳನ್ನು ಟಾರ್ಚ್ ಹಿಡಿದು ಹೆಕ್ಕುವುದೇ ಸರಿಯಾದ ದಾರಿ.

ಮೊಗ್ಗು ಕಂಡ ಮೇಲೆ ಕುಂಡವನ್ನು ತಿರುಗಿಸುವುದು, ಜಾಗ ಬದಲಿಸುವುದು ಬೇಡ, ಮೊಗ್ಗು ಉದುರೀತು. ಜೋತಿದ್ದ ಮೊಗ್ಗಿನ ಕೊರಳು ಕೊಕ್ಕೆಯಂತೆ ಮೇಲಕ್ಕೆ ಬಾಗಿ, ತುದಿ ಬೆಳ್ಳಗೆ ಉಬ್ಬಿದರೆ ಅರಳುವ ದಿನ ಹತ್ತಿರ ಬಂದಿದೆ. ಕತ್ತಲಾದ ಮೇಲೆ ಬಿರಿಯತೊಡಗಿ ನಡುರಾತ್ರಿಗೆ ಪೂರ್ತಿ ಅರಳುತ್ತದೆ, ಬೆಳಕು ಹರಿಯುವಾಗ ಬಾಡಿರುತ್ತದೆ. ನೆರೆಮನೆಯವರನ್ನು ಕರೆಯುವುದಿದ್ದರೆ ಅಂದು ಸಂಜೆಯೇ ಹೇಳಿಡಿ.