ರಿಗ್ಸ್‌ನ ಸಿನಿಮಾ ಹುಡುಕಿದ್ದು

ಮಾರ್ಲನ್ ರಿಗ್ಸ್‌ನ 'ಟಂಗ್ಸ್ ಅನ್‌ಟೈಡ್' ನೋಡಬೇಕು ಅಂತ ಎಷ್ಟೋ ವರ್ಷ ಒದ್ದಾಡಿದ್ದೇನೆ. 1989ರದು, 55 ನಿಮಿಷದ ಆತ್ಮಕಥನ. ಇಂಟರ್‌ನೆಟ್ಟಿನಲ್ಲಿ ತುಣುಕು ಸಿಕ್ಕವು. ಇಡೀ ಚಿತ್ರವಿದ್ದ ಕಡೆ 'ನಿಮ್ಮ ದೇಶಕ್ಕಿಲ್ಲ' ಅಂದರು. ಬಾಗಿಲಲ್ಲೇ ನಿಲ್ಲಿಸೋದು ನಮಗೇನು ಹೊಸದೆ? 2021ರಲ್ಲಿ ಕ್ರೈಟೀರಿಯನ್‌ನವರು ಅವನ ಚಿತ್ರಗಳನ್ನು ಒಟ್ಟಿಗೆ ಡಿಸ್ಕಿನಲ್ಲಿ ತಂದರು. ಅಮೆರಿಕದಿಂದ ಬಂದ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಕಡೆಗೂ ನೋಡಿದೆ.

ರಿಗ್ಸ್ ಕಪ್ಪು ಮನುಷ್ಯ, ಗಂಡಸರನ್ನು ಪ್ರೀತಿಸಿದವನು. ಕ್ಯಾಮೆರಾ ನೋಡಿಕೊಂಡೇ ಬಾಲ್ಯ ಹೇಳ್ತಾನೆ. ನಡುವೆ ಬರೀ ಬಾಯಿಗಳು ತೆರೆ ತುಂಬಿಕೊಂಡು ಬೈಗುಳ ಉಗುಳುತ್ತವೆ. ಬಿಳಿಯರ ಬಾಯಷ್ಟೇ ಅಲ್ಲ, ಸ್ವಂತ ಜನರದ್ದೂ. ನನ್ನ ಕುತ್ತಿಗೆ ಹಿಡಿದದ್ದು ಇದು. ಊರವರ ಕ್ರೌರ್ಯ ನಾವು ಬರೆದೆವು, ಬರೆಯಲೇಬೇಕಿತ್ತು. ಆದರೆ ನಮ್ಮ ಕೇರಿಯಲ್ಲೇ ಹೆಣ್ಣಿಗ ಅಂತ ಹಂಗಿಸಿಕೊಂಡು ಊರು ಬಿಟ್ಟ ಹುಡುಗನೊಬ್ಬನಿದ್ದ. ನಕ್ಕವರಲ್ಲಿ ನಾನೂ ಒಬ್ಬ. ಅವನ ಬಗ್ಗೆ ಒಂದು ಸಾಲೂ ಬರೆದಿಲ್ಲ.

1991ರಲ್ಲಿ ಅಮೆರಿಕದ ಸಾರ್ವಜನಿಕ ಟೀವಿಯ 'ಪಿ.ಒ.ವಿ.' ಸರಣಿಗೆ ಈ ಚಿತ್ರ ಬಂದಾಗ ಹಲವು ಸ್ಟೇಷನ್ನುಗಳು ಒಲ್ಲೆ ಎಂದವು. ಮರುವರ್ಷ ಪ್ಯಾಟ್ ಬ್ಯುಕಾನನ್ ಇದರದೇ ತುಣುಕು ಕತ್ತರಿಸಿ, ಬುಷ್ ವಿರುದ್ಧ ಚುನಾವಣಾ ಜಾಹೀರಾತು ಮಾಡಿದ. 1994ರಲ್ಲಿ ಏಡ್ಸ್ ರಿಗ್ಸ್‌ನನ್ನು ಒಯ್ದಿತು, 37 ವರ್ಷ. ಅದೇ ವರ್ಷ ನಮ್ಮಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂತು. ನಾನು ಆ ಪುಸ್ತಕ ಹಿಡಿದು ಕೇರಿಯೆಲ್ಲ ಓಡಾಡಿದ್ದೆ, ಆ ಹುಡುಗನ ಮನೆ ಮುಂದೂ.

2022ರಲ್ಲಿ ಅಮೆರಿಕ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡಿತು. ಅವನ ಅವ್ವ ಇನ್ನೂ ಅಲ್ಲೇ ಇದ್ದಾಳೆ. ಭಾನುವಾರ ಹೋಗಿ, ಅವನೆಲ್ಲಿದ್ದಾನೆ ಅಂತ ಕೇಳಬೇಕು.