ಡೂಮ್ಸ್‌ಡೇ ದಫ್ತರವೂ ಹಳೆಯ ಗಣಕಯಂತ್ರವೂ

ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯು ತನ್ನ ರಾಜ್ಯದ ಹೊಲ, ನೇಗಿಲು, ಗಿರಣಿಗಳನ್ನೆಲ್ಲ ಕಂದಾಯದ ಸಲುವಾಗಿ ಎಣಿಸಿ, 1086ರಲ್ಲಿ ಒಂದು ಮಹಾದಫ್ತರವನ್ನು ಬರೆಯಿಸಿದನು. ಡೂಮ್ಸ್‌ಡೇ ಎಂದು ಹೆಸರಾದ ಆ ತೊಗಲಿನ ಪುಸ್ತಕವನ್ನು ಇಂದಿಗೂ ಬಿಡಿಸಿ ಓದಬಹುದು. ಲೆಡ್ಜರು ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದಕ್ಕಿಂತ ಹೆಮ್ಮೆಯ ವಿಷಯ ಬೇರೆ ಯಾವುದುಂಟು!

ಅದರ ಒಂಬೈನೂರನೆಯ ವರ್ಷದ ನೆನಪಿಗೆಂದು ಬಿ.ಬಿ.ಸಿ.ಯವರು 1986ರಲ್ಲಿ ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿದರು. ಹತ್ತು ಲಕ್ಷಕ್ಕೂ ಮಿಕ್ಕ ಜನ, ಅವರಲ್ಲಿ ಬಹುಪಾಲು ಶಾಲೆಯ ಮಕ್ಕಳು, ಅದರಲ್ಲಿ ಪಾಲುಗೊಂಡು ತಮ್ಮ ತಮ್ಮ ಊರಿನ ವರ್ತಮಾನವನ್ನು ಬರೆದು ಕಳುಹಿಸಿದರು. ಅದೆಲ್ಲವೂ ಎರಡು ಲೇಸರ್ ತಟ್ಟೆಗಳಲ್ಲಿ ಅಡಗಿತು. ಆದರೆ ಓದುವುದಕ್ಕೆ ಏಕಾರ್ನ್ ಕಂಪೆನಿಯ ಬಿ.ಬಿ.ಸಿ. ಮಾಸ್ಟರ್ ಗಣಕವೂ ಫಿಲಿಪ್ಸರ ವಿಶೇಷ ಪ್ಲೇಯರೂ ಬೇಕು. ಬೆಲೆ ಸುಮಾರು 5000 ಪೌಂಡು. ಬರೆದ ಮಕ್ಕಳ ಶಾಲೆಗಳಿಗೇ ಅದು ಎಟುಕದಾಯಿತು. ಹದಿನೈದೇ ವರ್ಷಗಳಲ್ಲಿ ಆ ಯಂತ್ರಗಳು ಮೂಲೆ ಸೇರಿ, ತಟ್ಟೆಯಿದ್ದೂ ಓದುವ ಬಗೆಯಿಲ್ಲವೆಂಬಂತಾಯಿತು.

2002ರ ವೇಳೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ವಿದ್ವಾಂಸರು, ಹೊಸ ಗಣಕವು ಹಳೆಯದರಂತೆಯೇ ನಡೆದುಕೊಳ್ಳುವ ಪ್ರೋಗ್ರಾಮನ್ನು ರಚಿಸಿ ಆ ಬರಹವನ್ನು ಉಳಿಸಿದರು. ಆದರೂ ತಟ್ಟೆಯಲ್ಲಿದ್ದುದನ್ನು ಹೊರತೆಗೆಯಲು ಇನ್ನೂ ಉಸಿರಾಡುತ್ತಿದ್ದ ಹಳೆಯ ಯಂತ್ರವೇ ಬೇಕಾಯಿತು. ಹಳೆಯ ಪರ್ಸನಲ್ ಕಂಪ್ಯೂಟರುಗಳ ರಿಪೇರಿಯನ್ನು ನಾನು ಬರಿಯ ಹವ್ಯಾಸವೆಂದು ಎಣಿಸದಿರುವುದು ಇದರಿಂದಲೇ.

ಈ ಯಂತ್ರಗಳು ಕೆಡುವ ರೀತಿಯೂ ಸೋಜಿಗದ್ದೇ. 1981ರಲ್ಲಿ ಬಂದ ಬಿ.ಬಿ.ಸಿ. ಮೈಕ್ರೋದ ಪವರ್ ಸಪ್ಲೈಯಲ್ಲಿ ಕಾಗದದ ಕೆಪಾಸಿಟರುಗಳಿವೆ. ಕಾಲಕ್ರಮದಲ್ಲಿ ಅವುಗಳ ಕವಚ ಬಿರಿದು ಒಳಗಿನ ಕಾಗದ ತೇವ ಹೀರುತ್ತದೆ. ವರ್ಷಗಟ್ಟಲೆ ಮಲಗಿದ್ದ ಯಂತ್ರಕ್ಕೆ ಕರೆಂಟು ಕೊಟ್ಟರೆ ಹೊಗೆಯೆದ್ದು ಮನೆಯೆಲ್ಲ ದುರ್ನಾತ. ಮಾಸ್ಟರಿನಲ್ಲಿ ಗಡಿಯಾರದ ಬ್ಯಾಟರಿ ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಅದನ್ನು ವಿನೆಗರಿನಿಂದ ಒರೆಸಿ, ಕಡಿದುಹೋದ ಗೆರೆಗೆ ಸಣ್ಣ ತಂತಿಯನ್ನು ಬೆಸೆಯಬೇಕು.

ಇದು ಪರದೇಶದ ಕಥೆಯೆಂದು ವಾಚಕರು ಭಾವಿಸಬಾರದು. 1984ರಲ್ಲಿ ಆರಂಭವಾದ ಭಾರತ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ 250 ಶಾಲೆಗಳಿಗೆ ಹಂಚಿದ್ದು ಇದೇ ಬಿ.ಬಿ.ಸಿ. ಮೈಕ್ರೋಗಳನ್ನು. ತಾವು ಓದಿದ ಶಾಲೆಯ ಉಗ್ರಾಣದಲ್ಲಿ ಒಂದಾದರೂ ಧೂಳು ಹಿಡಿದು ಕುಳಿತಿದ್ದರೆ ಗುಜರಿಗೆ ಹಾಕಗೊಡಬೇಡಿ. ಒಡನೆಯೇ ಸ್ವಿಚ್ಚನ್ನೂ ಒತ್ತಬೇಡಿ. ಬಲ್ಲ ಮೆಕ್ಯಾನಿಕನನ್ನು ಕರೆದು ಮೊದಲು ಆ ಕೆಪಾಸಿಟರುಗಳನ್ನು ಬದಲಾಯಿಸಿರಿ.