ಅಳಿಯಕಟ್ಟು ಕೋರ್ಟಿಗೆ ಹೋದ ಮೇಲೆ

ಚಾರ್ಮಾಡಿ ರಸ್ತೆಯ ಮುಂಡಾಜೆಯಲ್ಲಿ ಅಡಿಕೆ ತೋಟದ ಗಡಿ ತಕರಾರು ಎದ್ದರೆ ಉಜಿರೆಯವರೆಗೆ ದಾರಿ ಒಂದೇ. ಅಲ್ಲಿಂದ ನೇರ ಹೋದರೆ ಬೆಳ್ತಂಗಡಿಯ ನ್ಯಾಯಾಲಯ, ತಿರುಗಿದರೆ ಧರ್ಮಸ್ಥಳ. ವಕೀಲರಿಗೆ ವಕಾಲತ್ತು ಕೊಟ್ಟವರೇ ಎದುರಾಳಿಯನ್ನು ಮಂಜುನಾಥನ ಮುಂದೆ ಆಣೆಗೂ ಕರೆಯುವುದುಂಟು. ಹೊರಗಿನಿಂದ ಬಂದ ಸರಕಾರಿ ಕಾನೂನನ್ನು ತುಳುನಾಡಿನ ಜನ ಏನೆಂದು ತಿಳಿದುಕೊಂಡರು? ವಿದ್ವತ್ತು ಈ ಪ್ರಶ್ನೆಯ ಹತ್ತಿರ ಬರಲು ಬಹಳ ಕಾಲ ಹಿಡಿಯಿತು.

1799ರಲ್ಲಿ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಮನ್ರೋನಿಂದ ಹಿಡಿದು ಸ್ಟರಕ್‌ನ 1894ರ ಜಿಲ್ಲಾ ಮ್ಯಾನ್ಯುಯಲ್‌ವರೆಗಿನ ಬರಹಗಳಲ್ಲಿ ಒಡೆತನದ ವರ್ಗ, ಕಾಯಂ ಗೇಣಿಯಾದ ಮೂಲಗೇಣಿ, ತಾತ್ಕಾಲಿಕ ಗೇಣಿಯಾದ ಚಾಲಗೇಣಿಗಳ ಲೆಕ್ಕಕ್ಕೆ ದೊಡ್ಡ ಜಾಗ. ಕೋರ್ಟುಗಳಿಗೆ ಮಾತ್ರ ಲೆಕ್ಕ ಸಾಲಲಿಲ್ಲ, ಗ್ರಂಥ ಬೇಕಾಯಿತು. ಆಸ್ತಿ ಹೆಣ್ಣಿನ ಕಡೆಯಿಂದ ಸೋದರಳಿಯನಿಗೆ ಸಾಗುವ ಅಳಿಯಕಟ್ಟಿಗೆ, ಅಂದರೆ ಅಳಿಯಸಂತಾನಕ್ಕೆ, ಭೂತಾಳ ಪಾಂಡ್ಯನೆಂಬ ದಂತಕಥೆಯ ಅರಸನ ಹೆಸರಿನ ಕಟ್ಟುಕಟ್ಟಳೆ ಆ ಜಾಗಕ್ಕೆ ಬಂತು. ಅದರ ಪ್ರಾಚೀನತೆಯನ್ನು ಸಂಶಯಿಸಿದವರೂ ಇದ್ದರು. 1863ರಲ್ಲಿ ಮುಂಡ ಚೆಟ್ಟಿ–ತಿಮ್ಮಜು ಹೆಂಗ್ಸು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟು, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರ ಹಟಕ್ಕೆ ಪಾಲು ಮಾಡುವಂತಿಲ್ಲ ಎಂದಿತು. ಮುಂದೆ ಸುಂದರ ಅಯ್ಯರರಂಥ ಕಾನೂನು ಲೇಖಕರ ಗ್ರಂಥಗಳು ಇಂಥ ತೀರ್ಪುಗಳನ್ನು ಜೋಡಿಸಿ ಅಳಿಯಸಂತಾನ ಎಂದರೆ ಇದು ಎಂದವು. ಈ ಗ್ರಂಥಗಳ ಶ್ರಮ ದೊಡ್ಡದು. ಆದರೆ ಮನೆಯೊಳಗೆ ಮಾತಿನಲ್ಲಿ ತೀರುತ್ತಿದ್ದ ಕಟ್ಟು ಅವುಗಳಲ್ಲಿ ಕಾಣುವುದಿಲ್ಲ. ಕೋರ್ಟಿಗೆ ಬಂದಷ್ಟೇ ಕಾಣುತ್ತದೆ.

1926ರಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ಅಲ್ಲೂ ಆಸ್ತಿ ಅಳಿಯನಿಗೆ, ಅಪ್ಪನ ಮಮತೆ ಮಗನಿಗೆ. ನಿಯಮ ಏನೆಂದು ಕೇಳಿ ಸುಮ್ಮನಾಗದೆ, ಜನ ಅದರೊಳಗೆ ಹೇಗೆ ಬಾಳುತ್ತಾರೆಂದು ಆತ ನೋಡಿದ. ಇಲ್ಲಿ ಆ ಜಗ್ಗಾಟ ಶಾಸನಸಭೆಗೇ ಹೋಯಿತು: 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರಿಗೆ, ಅಂದರೆ ಕುಟುಂಬದೊಳಗಿನ ಹೆಣ್ಣಿನ ಕವಲಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಳೆಯ ಉತ್ತರಾಧಿಕಾರವನ್ನೇ ಬದಲಿಸಿತು.

1960ರ ದಶಕದಲ್ಲಿ ಅಮೆರಿಕದ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್, ಬ್ರಿಟಿಷ್ ಕಾನೂನು ಭಾರತದಲ್ಲಿ ಬೇರೂರಿ ಇಲ್ಲಿನದೇ ಆಯಿತು, ಹಳೆಯ ನ್ಯಾಯ ಹಿಂದೆ ಸರಿಯಿತು ಎಂದು ವಾದಿಸಿದರು. ಮೊದಲ ಮಾತು ಒಪ್ಪುತ್ತೇನೆ, ಎರಡನೆಯದನ್ನು ನಮ್ಮ ತಾಲೂಕು ಅರ್ಧ ಮಾತ್ರ ಒಪ್ಪೀತು. 1873ರ ಆಣೆ ಕಾಯಿದೆಯೇ, ಎದುರಾಳಿಯ ಆಣೆಗೆ ಬದ್ಧನಾಗುತ್ತೇನೆ ಎಂದವನಿಗೆ ಅವಕಾಶ ಇಟ್ಟಿತ್ತಲ್ಲ. 1969ರ ಕಾಯಿದೆ ಬರುವ ತನಕ ಅದು ಉಳಿದಿತ್ತು.

ನಿಜವಾದ ತಿರುವು ಕಾನೂನಿನ ಕಡೆಯಿಂದ ಬರಲಿಲ್ಲ, ಜಾನಪದದಿಂದ ಬಂತು. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಪಾಡ್ದನವೆಂಬ ತುಳು ಮಹಾಕಾವ್ಯವನ್ನು ಜಾನಪದ ವಿದ್ವಾಂಸರಾದ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡರು 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳು. ಗಂಡನ ಸಂಬಂಧ ಕಡಿದುಕೊಳ್ಳುವ, ಅಜ್ಜನ ಅರಮನೆಯ ಹಕ್ಕು ಕೇಳುವ ಸಿರಿಯ ಮಾತಿನಲ್ಲಿ ಹೆಣ್ಣು, ಮನೆ, ನ್ಯಾಯ ಒಂದೇ ಎಳೆ. ತೀರ್ಪಿನ ಪುಟದಲ್ಲಿ ತಿಮ್ಮಜು ಹೆಂಗ್ಸಿನ ದನಿ ಇಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ.

ಇತ್ತೀಚೆಗೆ ಮಾನವಶಾಸ್ತ್ರಜ್ಞೆ ಮಿಹೊ ಇಶಿಯಿ 2020ರ ಪುಸ್ತಕದಲ್ಲಿ ದೈವ, ಗುತ್ತಿನ ಮನೆತನ, ಭೂಸುಧಾರಣೆಗಳನ್ನು ಒಟ್ಟಿಗೆ ನೋಡಿದ್ದಾರೆ. 1974ರ ಭೂಸುಧಾರಣೆಯ ನಂತರ ಒಡೆತನ ಕೇಳಿ ಡಿಕ್ಲರೇಶನ್ ಹಾಕಿದ ಒಕ್ಕಲು ಭೂನ್ಯಾಯ ಮಂಡಳಿಯನ್ನು ಏನೆಂದು ತಿಳಿದ? ವರ್ಗದ ಸುತ್ತ ನೂರು ಗಜದ ಸರಕಾರಿ ಜಾಗವಾದ ಕುಮ್ಕಿಯನ್ನು ಜನ ‘ನಮ್ಮ ಜಾಗ’ ಎನ್ನುವಾಗ ಯಾವ ಕಾನೂನು ಮಾತಾಡುತ್ತದೆ? ಇದಕ್ಕೆ ಉತ್ತರ ಹುಡುಕುವವರು ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಿಂದ ತೊಡಗಬೇಕು. ಮೂಲಗೇಣಿ ಚೀಟುಗಳು, ಡಿಕ್ಲರೇಶನಿನ ಪ್ರತಿಗಳು ಗೆದ್ದಲಿಗೆ ಹೋಗುವ ಮೊದಲೇ.